ತೋಕ್ ಪೂ ಮತ್ತು ನನ್ನದೊಂದು ಕಾಪಿ-ಪೇಸ್ಟ್

ಈ ಕಥೆಯಲ್ಲಿ ತಪ್ಪು ನನ್ನದೇ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ನಿಮಗೆ ಗೊಂದಲ ಆಗಬಾರದು ನೋಡಿ.

ನನ್ನ ಪಕ್ಕದ ಸೀಟಿನ ಗೆಳೆಯ ಕೊಡಗಿನವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಫೋನಿನಲ್ಲಿ ಮಾತಾಡೋದು ಕೇಳಿ ನನಗೆ ತಲೆ ಕೆಟ್ಟಿತ್ತು. 'ಅವ್ವ' ಅಂತ ಒಬ್ಬರ ಹತ್ತಿರ, 'ತಾಯಿ' ಅಂತ ಇನ್ನೊಬ್ಬರ ಹತ್ತಿರ. ಇವನಿಗೆ ಇಬ್ಬರು ತಾಯಂದಿರಾ ಅಂತ ಒಂದು ತಿಂಗಳು ಕೇಳಲು ಧೈರ್ಯ ಬರದೆ ಒದ್ದಾಡಿದ್ದೆ. ಆಮೇಲೆ ಗೊತ್ತಾಯ್ತು, ಕೊಡವ ತಕ್ಕ್‌ನಲ್ಲಿ 'ತಾಯಿ' ಅಂದ್ರೆ ಅಜ್ಜಿ! ಈ ಬರಹದಲ್ಲಿ ನಾನು ಅಜ್ಜಿ ಅಂತಲೇ ಬರೀತೀನಿ, ಇಲ್ಲದಿದ್ರೆ ನೀವೂ ಒಂದು ತಿಂಗಳು ಒದ್ದಾಡ್ತೀರಿ.

ಅವರ ಮನೆ ಮಡಿಕೇರಿಯಿಂದ ಸೋಮವಾರಪೇಟೆ ಕಡೆ ಹೋಗೋ ರಸ್ತೆಯಲ್ಲಿ, ಮಕ್ಕಂದೂರು ದಾಟಿ ಒಳಗೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದು ನೆನಪಿದೆಯಲ್ಲ, ಟೀವಿಯಲ್ಲಿ ಒಂದು ವಾರ ತೋರಿಸಿದ್ದರು. ಅದೇ ಪ್ರದೇಶ. ಇವರ ಮನೆಗೆ ಏನೂ ಆಗಲಿಲ್ಲ. ಆದರೆ ಕೆಳಗಿನ ಗದ್ದೆಯ ಮುಕ್ಕಾಲು ಪಾಲು ಕೆಂಪು ಮಣ್ಣು, ಮರದ ಬೇರು, ಬಂಡೆಗಳ ಅಡಿ ಹೋಯ್ತು. ಉಳಿದ ಕಾಲು ಭಾಗದಲ್ಲಿ ಬತ್ತ ಹಾಕಿದರೆ ಖರ್ಚೂ ಹುಟ್ಟೋದಿಲ್ಲ. ಆದರೂ ಪ್ರತಿ ವರ್ಷ ಹಾಕ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ ಗೆಳೆಯ, "ನಾಟಿ ಮುಗಿದ ಮೇಲೆ ಬರೋ ಹಬ್ಬ ಕೈಲ್ ಪೊಳ್ದ್. ನಾಟಿಯೇ ಮಾಡದಿದ್ರೆ ಯಾವ ಮುಖ ಇಟ್ಕೊಂಡು ಹಬ್ಬ ಮಾಡೋದು ಅಂತಾರೆ ತಾಯಿ" ಅಂದ.

ಗದ್ದೆ ಹೋದ ಮೇಲೆ ಆಂಟಿ (ಗೆಳೆಯನ ಅಮ್ಮ) ಮನೆಯ ಎರಡು ರೂಮುಗಳನ್ನು ಹೋಮ್‌ಸ್ಟೇ ಮಾಡಿದರು. ಕೊಡಗಿನಲ್ಲಿ ಈಗ ಹೋಮ್‌ಸ್ಟೇ ಅಂದ್ರೆ ನಮ್ಮ ಬೆಂಗಳೂರಲ್ಲಿ ಪಿಜಿ ಇದ್ದ ಹಾಗೆ, ಎಲ್ಲಿ ನೋಡಿದರೂ ಬೋರ್ಡು. ಸಾಲದ್ದಕ್ಕೆ ಬರೋರಿಗೆ ಬೇಕಾದ್ದು ಕ್ಯಾಂಪ್ ಫೈರು, ಜೋರು ಹಾಡು. ಇದೆಲ್ಲ ಅಜ್ಜಿಗೆ ಆಗೋದಿಲ್ಲ. ಆಗ ಗೆಳೆಯನಿಗೆ ಹೊಳೆದದ್ದೇ ಈ ಕಾರ್ಯಾಗಾರ. ಬಂದವರು ಸುಮ್ಮನೆ ತಿಂದು ಮಲಗೋದಲ್ಲ, ಗದ್ದೆಗೆ ಇಳಿಯಬೇಕು, ಕೈ ಕೆಸರು ಮಾಡ್ಕೋಬೇಕು, ಅಡುಗೆ ಮನೆಯಲ್ಲಿ ಕಡಂಬುಟ್ಟು ಉಂಡೆ ಕಟ್ಟಬೇಕು. ಅದಕ್ಕೆ ದುಡ್ಡು ಕೊಡಬೇಕು. "ನಾವು ಕೂಲಿ ಕೊಟ್ಟು ಮಾಡಿಸ್ತಿದ್ದ ಕೆಲಸಕ್ಕೆ ಅವರೇ ನಮಗೆ ದುಡ್ಡು ಕೊಡ್ತಾರಾ?" ಅಂತ ಅಜ್ಜಿ ಇಡೀ ದಿನ ನಕ್ಕರಂತೆ.

ವೆಬ್ ಪೇಜು, ಫಾರ್ಮು, ಎರಡು ದಿನದ ವೇಳಾಪಟ್ಟಿ ಎಲ್ಲ ನನ್ನ ಜವಾಬ್ದಾರಿ. ಬಿಟ್ಟಿ ಕೆಲಸ, ಬದಲಿಗೆ ಊಟ.

ಮೊದಲನೇ ತಂಡ 2023ರ ಆಗಸ್ಟ್‌ನಲ್ಲಿ. ಆಗಸ್ಟ್ 3ಕ್ಕೆ ಅಲ್ಲಿ ಕಕ್ಕಡ ಪದಿನೆಟ್ಟ್, ಅಂದ್ರೆ ಕಕ್ಕಡ ತಿಂಗಳ 18ನೇ ದಿನ. ಅವತ್ತು ಮದ್ದ್ ತೊಪ್ಪು ಅನ್ನೋ ಗಿಡದಲ್ಲಿ 18 ಥರದ ಔಷಧ ಸೇರಿಕೊಳ್ಳುತ್ತೆ ಅನ್ನೋದು ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತೆ, ಅದರಲ್ಲಿ ಪಾಯಸ ಮಾಡ್ತಾರೆ. (ಮರುದಿನ ಮೂತ್ರವೂ ಬಣ್ಣ ಬರುತ್ತೆ. ಇದನ್ನು ಮೊದಲೇ ಹೇಳದಿದ್ರೆ ಬೆಂಗಳೂರಿನವರು ಆಸ್ಪತ್ರೆಗೆ ಓಡ್ತಾರೆ ಅಂತ ಪೇಜಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೆ!) ಆ ವರ್ಷ 3ನೇ ತಾರೀಖು ಗುರುವಾರ ಬಂದಿತ್ತು. ಜನ ಸಿಗಲಿ ಅಂತ ಶನಿವಾರಕ್ಕೆ ಇಟ್ಟೆವು. "ಮದ್ದು ಶನಿವಾರದ ತನಕ ಇವರಿಗೋಸ್ಕರ ಕಾಯ್ತದಾ?" ಅಂತ ಅಜ್ಜಿ ಗೊಣಗಿದರು. ಆದರೂ ಎಲ್ಲ ಚೆನ್ನಾಗೇ ಆಯ್ತು. ಸೊಪ್ಪು ಕೊಯ್ದರು, ಕುದಿಸಿದರು, ಪಾಯಸ ಕುಡಿದರು, ನೇರಳೆ ನಾಲಿಗೆ ಚಾಚಿ ಫೋಟೋ ತೆಗೆಸಿಕೊಂಡರು.

ಅದೇ ಹುರುಪಿನಲ್ಲಿ ಸೆಪ್ಟೆಂಬರ್ ತಂಡ. ಕೈಲ್ ಪೊಳ್ದ್ ಸೆಪ್ಟೆಂಬರ್ 3ಕ್ಕೆ (ನಾಡಿನಿಂದ ನಾಡಿಗೆ ದಿನ ಸ್ವಲ್ಪ ಹಿಂದೆ ಮುಂದೆ ಆಗೋದುಂಟು), ಆ ಸಲ ಭಾನುವಾರ. ಇದಕ್ಕಿಂತ ಒಳ್ಳೆ ಮುಹೂರ್ತ ಬೇಕಾ? ಈ ಹಬ್ಬದ ಹೂವು ತೋಕ್ ಪೂ. ತೋಕ್ ಅಂದ್ರೆ ಕೋವಿ, ಪೂ ಅಂದ್ರೆ ಹೂವು. ಮನೆಯ ಕೋವಿ, ಕತ್ತಿಗಳನ್ನೆಲ್ಲ ತೊಳೆದು ಒರೆಸಿ ದೀಪದ ಮುಂದಿಟ್ಟು ಈ ಹೂವಿನಿಂದ ಸಿಂಗರಿಸ್ತಾರೆ. ನಮ್ಮ ತಿಪಟೂರು ಕಡೆ ಆಯುಧ ಪೂಜೆಗೆ ಸೇವಂತಿಗೆ, ಚೆಂಡುಹೂವು, ಸ್ಕೂಟರಿಗೊಂದು ಬಾಳೆಕಂದು ಅಷ್ಟೇ. ಕೋವಿಗೆಂದೇ ಒಂದು ಹೂವು ಇದೆ ಅನ್ನೋದೇ ನನಗೆ ರೋಮಾಂಚನ. ಕಾರ್ಯಾಗಾರವನ್ನು ಆ ಹೂವಿನ ಸುತ್ತಲೇ ಹೆಣೆಯೋಣ ಅಂದೆ ನಾನೇ. ಶನಿವಾರ ಬೇಲಿಗಳಲ್ಲಿ ಹೂವು ಹುಡುಕೋದು, ಗದ್ದೆಯ ಹತ್ಯಾರು ತೊಳೆಯೋದು, ಭಾನುವಾರ ಹಬ್ಬ.

ಪೇಜು ಹೇಗೆ ಮಾಡಿದೆ ಅಂತೀರಾ? ಆಗಸ್ಟ್ ತಿಂಗಳ ಪೇಜನ್ನು ಕಾಪಿ ಮಾಡಿದೆ. ಫೈಂಡ್ ಅಂಡ್ ರಿಪ್ಲೇಸ್ ಒತ್ತಿದೆ. 'ಮದ್ದ್ ತೊಪ್ಪು' ಇದ್ದಲ್ಲೆಲ್ಲ 'ತೋಕ್ ಪೂ'. ಎಂಟು ಕಡೆ ಬದಲಾಯ್ತು ಅಂತ ತೋರಿಸಿತು. ನಾನು ತಾರೀಖು ತಿದ್ದಿ, ಫೋಟೋ ಬದಲಿಸಿ, ಪಬ್ಲಿಷ್ ಮಾಡಿ ಮಲಗಿದೆ. ಆ ಎಂಟರಲ್ಲಿ ಒಂದು ಸಾಲು ಹೀಗಿತ್ತು: 'ಸಂಜೆ 5ಕ್ಕೆ: ತೋಕ್ ಪೂ ಕುದಿಸಿ ರಸ ತೆಗೆಯುವುದು, ಸವಿಯುವುದು.'

ನಾನು ಆ ಸಾಲನ್ನು ಓದಲಿಲ್ಲ. ಗೆಳೆಯ ಓದಲಿಲ್ಲ. ಆಂಟಿ ಫೋಟೋ ಚೆನ್ನಾಗಿದೆ ಅಂದರು. ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸಿದರೂ ಇಬ್ಬರು ನೋಡಿ ಒಪ್ಪಬೇಕು. ಇದಕ್ಕೆ ಯಾರಿದ್ದರು?

ಶನಿವಾರ ಬೆಳಿಗ್ಗೆ ಎರಡು ಕುಟುಂಬ, ಮೂವರು ಕಾಲೇಜು ಹುಡುಗಿಯರು ಬಂದಿಳಿದರು. ಆ ಆಗಸ್ಟ್ ಹೇಗಿತ್ತು ಅಂದ್ರೆ, 1901ರಿಂದ ಲೆಕ್ಕ ಇಟ್ಟ ಮೇಲೆ ಅಷ್ಟು ಕಡಿಮೆ ಮಳೆಯ ಆಗಸ್ಟನ್ನು ದೇಶ ನೋಡಿರಲಿಲ್ಲ. ಕೊಡಗಿನಲ್ಲೂ ಬಿಸಿಲು. ಇವರ ಕಾಲು ಭಾಗದ ಗದ್ದೆಯಲ್ಲಿ ನಾಟಿ ತಡವಾಗಿ ಮುಗಿದು ಪೈರು ಇನ್ನೂ ಗೇಣುದ್ದ. ಬಂದವರಿಗೆ ಕಳೆ ಕೀಳೋ ಕೆಲಸ. ಕಳೆಯ ಜೊತೆ ಪೈರನ್ನೂ ಕಿತ್ತರು ಬಿಡಿ. ಮೊದಲ ಅರ್ಧ ಗಂಟೆ ನಾನೂ ಹಾಗೇ ಮಾಡಿದ್ದೆ.

ಮಧ್ಯಾಹ್ನ ನೇಗಿಲು, ನೊಗ, ಗುದ್ದಲಿ, ಕುಡುಗೋಲು ಎಲ್ಲ ಅಂಗಳಕ್ಕೆ ಬಂದವು. ಕೈಲ್ ಪೊಳ್ದ್ ಬರೀ ಕೋವಿಯ ಹಬ್ಬ ಅಲ್ಲ, ಉಳುಮೆ ನಾಟಿ ಮುಗಿಸಿದ ಹತ್ಯಾರುಗಳಿಗೂ ಹಬ್ಬ. ಹಿಂದೆ ಎತ್ತುಗಳ ಮೈ ತೊಳೀತಿದ್ದರಂತೆ. ಈಗ ಎತ್ತಿಲ್ಲ, ಟಿಲ್ಲರ್ ಇದೆ. ಅದನ್ನೂ ತೊಳೆದೆವು. ಆಮೇಲೆ ಹೂವು ಹುಡುಕಲು ಹೊರಟದ್ದು.

ಈ ಹೂವು ನೋಡಿದ್ದೀರಾ? ಕನ್ನಡದಲ್ಲಿ ಅಗ್ನಿಶಿಖೆ, ಗೌರಿ ಹೂವು ಅಂತೆಲ್ಲ ಹೆಸರಿದೆ. ಆರು ದಳ, ಎಲ್ಲವೂ ಹಿಂದಕ್ಕೆ ಬಾಗಿ ಮೇಲೆ ಎದ್ದು ನಿಂತಿರುತ್ತವೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಅಂಚು ಅಲೆ ಅಲೆ. ಸೌದೆ ಒಲೆಯಲ್ಲಿ ಉರಿ ಏಳುತ್ತಲ್ಲ, ಹಾಗೇ. ದಿನ ಕಳೆದಂತೆ ಹಳದಿ ಹೋಗಿ ಪೂರ್ತಿ ಕೆಂಪಾಗುತ್ತೆ. ಬಳ್ಳಿಗೆ ಬೇರೆ ಕುಡಿ ಇಲ್ಲ, ಎಲೆಯ ತುದಿಯೇ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿ ಬೇಲಿ ಹಿಡಿದು ಹತ್ತುತ್ತೆ. ಒಂದು ಕಾಲದಲ್ಲಿ ಎಲ್ಲ ಬೇಲಿಯಲ್ಲೂ ಇತ್ತಂತೆ. ಈಗ ಬೇಲಿಗಳೇ ಕಡಿಮೆ, ತಂತಿ ಬೇಲಿಯ ಬುಡಕ್ಕೆ ಕಳೆನಾಶಕ ಹೊಡೀತಾರೆ. ಒಂದೂವರೆ ಗಂಟೆ ಅಲೆದು ನಮಗೆ ಸಿಕ್ಕಿದ್ದು ಹನ್ನೊಂದು ಹೂವು. ಅದರಲ್ಲಿ ಏಳು ಅಜ್ಜಿಯ ಬೇಲಿಯದ್ದೇ. 2018ರ ಮಣ್ಣಿನಡಿ ಹಳೆ ಬೇಲಿ ಹೋದ ಮೇಲೆ ಅಜ್ಜಿ ತವರುಮನೆಯಿಂದ ಗಡ್ಡೆ ತಂದು ನೆಟ್ಟದ್ದು.

ಸಂಜೆ ನಾನು ಮನೆ ಹಿಂದಿನ ದಿಬ್ಬದ ಮೇಲಿದ್ದೆ, ನೆಟ್‌ವರ್ಕ್ ಸಿಗೋದು ಅಲ್ಲೊಂದೇ ಕಡೆ. ಕೆಳಗೆ ಅಂಗಳದಲ್ಲಿ ಅಜ್ಜಿಯ ಕೂಗು ಕೇಳಿಸಿತು. ಎಂಬತ್ತು ದಾಟಿದ ಜೀವ ಅಷ್ಟು ಜೋರಾಗಿ ಕೂಗೋದು ನಾನು ಅದುವರೆಗೆ ಕೇಳಿರಲಿಲ್ಲ. ಓಡಿ ಬಂದೆ. ಜಗಲಿಯ ಮೇಲೆ ಸ್ಟೀಲ್ ಲೋಟ ಉರುಳಿ ಬಿದ್ದಿತ್ತು, ನೀರು ಹರಿದಿತ್ತು, ಅದರಲ್ಲಿ ಎರಡು ಹೂವು. ಆರು ವರ್ಷದ ಹುಡುಗನೊಬ್ಬ ಅಳ್ತಾ ನಿಂತಿದ್ದ. ಅವನ ಅಮ್ಮ ಕೈಯಲ್ಲಿ ಮೊಬೈಲ್ ಹಿಡಿದು ಅಜ್ಜಿಗೆ ತೋರಿಸ್ತಾ ಇದ್ದರು. "ಇದರಲ್ಲೇ ಬರೆದಿದೆಯಲ್ಲ, ಐದು ಗಂಟೆಗೆ ಅಂತ. ಯಾರೂ ಬರಲಿಲ್ಲ, ನಾವೇ ಬಿಸಿನೀರಿಗೆ ಹಾಕಿದ್ವಿ..."

ಅಜ್ಜಿಗೆ ಓದೋಕೆ ಕನ್ನಡಕ ಬೇಕು. ಅವರು ನನ್ನ ಕಡೆ ತಿರುಗಿ, "ಏನು ಬರೆದಿದ್ದಿ ಓದು" ಅಂದರು. ನಾನು ಓದಿದೆ. ಜೋರಾಗಿ ಓದಬೇಕಾಯ್ತು.

"ಅದು ವಿಷ ಮಗ. ಗೊತ್ತುಂಟಾ ನಿನಗೆ? ವಿಷ."

ಹುಡುಗ ಕುಡಿದಿರಲಿಲ್ಲ. ನೀರು ಬಿಸಿ ಇತ್ತು, ಆರಲಿ ಅಂತ ಅವರಮ್ಮ ಪಕ್ಕಕ್ಕಿಟ್ಟಿದ್ದರು. ಅಷ್ಟರಲ್ಲಿ ಹಂಡೆಗೆ ಸೌದೆ ತರೋಕೆ ಹೊರಗೆ ಬಂದ ಅಜ್ಜಿ ನೋಡಿದ್ದು. ಬಿಸಿ ಇತ್ತು, ಅಷ್ಟೇ. ನನ್ನ ಬುದ್ಧಿಯೂ ಅಲ್ಲ, ಪುಣ್ಯವೂ ಅಲ್ಲ.

ಆಂಟಿ ಮೈಸೂರಿನಲ್ಲಿರೋ ಡಾಕ್ಟರ್ ಸಂಬಂಧಿಕರಿಗೆ ಫೋನ್ ಮಾಡಿದರು. ತುಟಿಗೂ ತಾಗಿಲ್ಲ ಅಂತ ನಾಲ್ಕು ಸಲ ಕೇಳಿ ಖಾತ್ರಿ ಮಾಡ್ಕೊಂಡ ಅವರು, ಮಗುವಿನ ಕೈ ಚೆನ್ನಾಗಿ ತೊಳೆಸಿ, ರಾತ್ರಿ ಪೂರ್ತಿ ಗಮನ ಇಡಿ, ವಾಂತಿ ಭೇದಿ ಏನಾದರೂ ಶುರುವಾದ್ರೆ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಹೊರಡಿ ಅಂದರು.

ಆ ರಾತ್ರಿ ದಿಬ್ಬದ ಮೇಲೆ ಜಾಕೆಟ್ ಹಾಕ್ಕೊಂಡು ಕೂತು ಮೊದಲು ಆ ಪೇಜು ತೆಗೆದುಹಾಕಿದೆ. ಆಮೇಲೆ ಓದಿದೆ. ಒಂದು ತಿಂಗಳ ಹಿಂದೆ ಹತ್ತು ನಿಮಿಷದಲ್ಲಿ ಓದಬಹುದಾಗಿದ್ದನ್ನು ಅವತ್ತು ಬೆಳಗಿನ ಜಾವದ ತನಕ ಓದಿದೆ.

ಸಸ್ಯಶಾಸ್ತ್ರದಲ್ಲಿ ಇದು ಗ್ಲೋರಿಯೋಸಾ ಸುಪರ್ಬಾ. ಇದರಲ್ಲಿರೋದು ಕೊಲ್ಚಿಸಿನ್. ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು, ಆದರೆ ವಿಷ ಇಲ್ಲದ ಭಾಗ ಅಂತ ಒಂದೂ ಇಲ್ಲ. ಜೀವಕೋಶ ಎರಡಾಗಿ ಒಡೆಯೋದನ್ನೇ ಇದು ತಡೆದುಬಿಡುತ್ತೆ. ಅದಕ್ಕೇ ಕರುಳು, ಮೂಳೆಮಜ್ಜೆ ಅಂತ ಸದಾ ಹೊಸ ಕೋಶ ಹುಟ್ಟಬೇಕಾದ ಜಾಗಗಳಿಗೆ ಪೆಟ್ಟು ಜಾಸ್ತಿ. ತಿಂದ ಕೂಡಲೇ ಏನೂ ಆಗಲ್ಲ, ಗಂಟೆಗಳು ಕಳೆದ ಮೇಲೆ ಶುರುವಾಗುತ್ತೆ. ಸುಲಭವಾಗಿ ಸಿಗೋ ಪ್ರತಿವಿಷ ಇಲ್ಲ. ಇದೇ ಕೊಲ್ಚಿಸಿನ್ ಅಳತೆ ಮಾಡಿ ಕೊಟ್ಟರೆ ಗೌಟ್ ಅನ್ನೋ ಕೀಲುನೋವಿಗೆ ಔಷಧ. ಬೀಜ ಇಲ್ಲದ ಕಲ್ಲಂಗಡಿ ತಳಿ ತಯಾರಿಸೋರೂ ಸಸಿಗಳ ಕ್ರೋಮೋಸೋಮು ದುಪ್ಪಟ್ಟು ಮಾಡಲು ಇದನ್ನೇ ಬಳಸ್ತಾರೆ. ತಮಿಳುನಾಡಿನಲ್ಲಿ ಔಷಧ ಕಂಪನಿಗಳಿಗಾಗಿ ರೈತರು ಇದನ್ನು ಬೀಜಕ್ಕೆಂದೇ ಬೆಳೀತಾರೆ. ಅವರ ರಾಜ್ಯಪುಷ್ಪ ಕೂಡ ಇದೇ. ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಹೌದು. ಅದು ದಕ್ಷಿಣ ರೊಡೇಷ್ಯಾ ಆಗಿದ್ದಾಗ, 1947ರಲ್ಲಿ, ಅಲ್ಲಿನ ಮಕ್ಕಳು ದುಡ್ಡು ಕೂಡಿಸಿ ರಾಜಕುಮಾರಿ ಎಲಿಜಬೆತ್‌ಗೆ 21ನೇ ಹುಟ್ಟುಹಬ್ಬಕ್ಕೆ ಈ ಹೂವಿನ ಆಕಾರದ ವಜ್ರದ ಬ್ರೋಚ್ ಕೊಟ್ಟಿದ್ದರಂತೆ.

ಒಂದು ಹೆಸರು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಸಂಸ್ಕೃತದಲ್ಲಿ ಈ ಬಳ್ಳಿ 'ಲಾಂಗಲಿ'. ಲಾಂಗಲ ಅಂದ್ರೆ ನೇಗಿಲು. ತಮಿಳಿನಲ್ಲೂ ಕಲಪ್ಪೈ ಕಿಳಂಗು, ನೇಗಿಲ ಗಡ್ಡೆ. ನೆಲದಡಿ ಇರೋ ಇದರ ಗಡ್ಡೆ ನೇಗಿಲಿನ ಹಾಗೆ ಕವಲಾಗಿ ಬಾಗಿರುತ್ತಂತೆ. ಮೇಲೆ ಕೋವಿಯ ಹೂವು, ಕೆಳಗೆ ನೇಗಿಲು! ಹತ್ತಿರದಲ್ಲೇ ಅಂಗಳದಲ್ಲಿ ಎರಡೂ ತೊಳೆದು ಒಣಗ್ತಾ ಇದ್ದವು. ಬೇರೆ ದಿನ ಆಗಿದ್ರೆ ಗೆಳೆಯನನ್ನು ಎಬ್ಬಿಸಿ ಹೇಳ್ತಿದ್ದೆ.

ಮೂರು ಸಲ ಕೆಳಗಿಳಿದು ಆ ರೂಮಿನ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಮಗು ಗೊರಕೆ ಹೊಡೀತಿತ್ತು.

ಬೆಳಿಗ್ಗೆ ಹಬ್ಬ ಹಬ್ಬದ ಹಾಗೇ ನಡೀತು. ಎಲ್ಲರೂ ಸ್ನಾನ ಮಾಡಿ ನಡುಮನೆಗೆ ಬಂದರು. ನೆಲ್ಲಕ್ಕಿ ನಡುಬಾಡೆ ಅಂತಾರೆ ಅದಕ್ಕೆ. ತೂಗುದೀಪದ ಕೆಳಗೆ ಒಂದು ಕೋವಿ, ಒಡಿಕತ್ತಿ, ಪೀಚೆಕತ್ತಿ. ಅಜ್ಜಿ ಹನ್ನೊಂದರಲ್ಲಿ ಉಳಿದಿದ್ದ ಒಂಬತ್ತು ಹೂವನ್ನು ತಾವೇ ತಂದರು, ಯಾರ ಕೈಗೂ ಕೊಡಲಿಲ್ಲ. ಒಂದನ್ನು ಕೋವಿಯ ನಳಿಗೆಗೆ ಸಿಕ್ಕಿಸಿದರು. ಉಳಿದದ್ದು ಕತ್ತಿಗಳಿಗೆ. ಆಮೇಲೆ ಹೊರಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದರು. ಪ್ರತಿ ವರ್ಷ ಹಾಗೇ ತೊಳೀತಾರೆ ಅಂತ ಗೆಳೆಯ ಹೇಳಿದ. ಅವನು ಚಿಕ್ಕಂದಿನಿಂದ ನೋಡಿದ್ದಾನೆ, ಯಾಕೆ ಅಂತ ಕೇಳಿರಲಿಲ್ಲ.

ಹಿರಿಯರು ಕೋವಿ ಎತ್ತಿ ಕೊಟ್ಟ ಮೇಲೆ ಬಾಣೆಯಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ. ಎತ್ತರದ ಮರಕ್ಕೆ ಕಾಯಿ ಕಟ್ತಾರೆ. ತಿಪಟೂರಿನವನಾದ ನನಗೆ ಹೊಟ್ಟೆ ಉರಿಯಿತು, ಇರಲಿ. ಕಾಲೇಜು ಹುಡುಗಿಯರು ಲೈಸೆನ್ಸ್ ಇದೆಯಾ ಅಂತ ಕೇಳಿದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಗುಂಡಿನ ಶಬ್ದ ಕೇಳಿಯೇ ಅಕ್ಕಪಕ್ಕದವರಿಗೆ ಸುದ್ದಿ ಗೊತ್ತಾಗ್ತಿತ್ತು ಅಂತ ಆಂಟಿ ವಿವರಿಸ್ತಾ ಇದ್ದರು. ಎರಡು ಅನ್ನೋವಾಗ ನಾನು ಆ ಹುಡುಗನ ಕಡೆ ನೋಡಿದೆ. ಅವನು ಕಿವಿ ಮುಚ್ಚಿಕೊಂಡು, ಮುಂದಿನ ಕಾಯಿ ಯಾವಾಗ ಒಡೆಯುತ್ತೆ ಅಂತ ಕಾಯ್ತಿದ್ದ.

ಊಟಕ್ಕೆ ಅವರಿಗೆಲ್ಲ ಕಡಂಬುಟ್ಟು, ಪಂದಿ ಕರಿ. ಸಸ್ಯಾಹಾರಿಯಾದ ನನಗೆ ಅಣಬೆ, ಮತ್ತೆ ಕಳಲೆ ಪಲ್ಯ. ಕಳಲೆಯನ್ನು ಹಸಿಯಾಗಿ ತಿನ್ನಬಾರದು, ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಿಸಿ ವಿಷ ತೆಗೆದು ಮಾಡ್ಬೇಕು. ಅಜ್ಜಿ ಮೂರು ದಿನ ಮೊದಲೇ ನನಗೋಸ್ಕರ ನೆನೆಹಾಕಿದ್ದರು. ತಟ್ಟೆಯಲ್ಲಿದ್ದ ಅದು ಗಂಟಲಲ್ಲಿ ಇಳೀಲಿಲ್ಲ.

ಹುಡುಗನ ಅಮ್ಮ ಹೊರಡುವಾಗ ದುಡ್ಡು ವಾಪಸ್ ಕೇಳಿದರು. ಆಂಟಿ ಎಣಿಸಿ ಪೂರ್ತಿ ಕೊಟ್ಟರು. ನಾನು ಕೊಡ್ತೀನಿ ಅಂದದ್ದಕ್ಕೆ, "ನಮ್ಮ ಮನೆಯಲ್ಲಿ ಆದದ್ದು, ನೀವು ಸುಮ್ಮನಿರಿ" ಅಂದರು. ಅದುವರೆಗೆ ಆಂಟಿ ನನಗೆ ಏಕವಚನದಲ್ಲೇ ಮಾತಾಡಿಸ್ತಿದ್ದರು. ಆ 'ನೀವು' ಈಗಲೂ ಚುಚ್ಚುತ್ತೆ. ಆ ತಾಯಿ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಕ್ಷಮೆ ಕೇಳಿದೆ. ತಲೆ ಆಡಿಸಿ ಕಾರು ಹತ್ತಿದರು. ಅವರ ಜಾಗದಲ್ಲಿ ನಾನಿದ್ದರೆ ತಲೆಯನ್ನೂ ಆಡಿಸ್ತಿರಲಿಲ್ಲ.

ಕಾರ್ಯಾಗಾರ ನಿಂತುಹೋಗುತ್ತೆ ಅಂದ್ಕೊಂಡಿದ್ದೆ. ಎರಡು ವಾರ ಬಿಟ್ಟು ಅಜ್ಜಿಯೇ ಗೆಳೆಯನ ಫೋನಿನಿಂದ ಮಾತಾಡಿದರು. "ಹುತ್ತರಿಗೆ ಜನ ಬರ್ತಾರಾ? ಕದಿರು ತೆಗೆಯೋದು ತೋರಿಸಬಹುದು. ಆದರೆ ನೀನು ಬರೆದದ್ದನ್ನ ನನಗೆ ಓದಿ ಹೇಳ್ಬೇಕು." ಅವತ್ತಿನಿಂದ ಅದೇ ಪದ್ಧತಿ. ಪೇಜಿನ ಒಂದೊಂದು ಸಾಲೂ ಫೋನಿನಲ್ಲಿ ಓದ್ತೀನಿ. "ಆಟದ ರೀತಿ ಅಂತ ಬೇಡ, ತೆಗಿ." "ಅಷ್ಟು ಹೊತ್ತಿಗೆ ಜಿಗಣೆ ಇರ್ತದೆ, ಬರಿ." "ಇದು ಸುಳ್ಳು." ತೋಕ್ ಪೂ ಬಗ್ಗೆ ಈಗ ಇರೋದು ಮೂರೇ ಸಾಲು: ದೊಡ್ಡವರು ನೋಡಬಹುದು, ಮನೆಯವರು ಮಾತ್ರ ಕೊಯ್ಯುತ್ತಾರೆ, ಗಿಡದ ಯಾವ ಭಾಗವೂ ಬಾಯಿಗೆ ಹೋಗಬಾರದು.

2024ರ ಏಪ್ರಿಲ್‌ನಲ್ಲಿ ಹೋಗಿದ್ದಾಗ ಅಜ್ಜಿ ಬೇಲಿಯ ಬುಡಕ್ಕೆ ಕರೆದರು. ಬಳ್ಳಿಯ ಸುಳಿವೇ ಇರಲಿಲ್ಲ. ಮಳೆ ಮುಗಿದ ಮೇಲೆ ಮೇಲಿನದ್ದೆಲ್ಲ ಒಣಗಿ ಹೋಗುತ್ತಂತೆ. ಒಂದು ಕಡ್ಡಿಯಿಂದ ಮೆಲ್ಲಗೆ ಮಣ್ಣು ಸರಿಸಿದರು. ಬೆರಳು ದಪ್ಪದ ಗಡ್ಡೆ, ಎರಡು ಕವಲು. ಹೌದು, ನೇಗಿಲೇ! ಪಕ್ಕದಲ್ಲಿ ಹಳೇ ಗಡ್ಡೆಯ ಒಣ ಸಿಪ್ಪೆ. ಪ್ರತಿ ವರ್ಷ ಹಳೆಯದು ಸತ್ತು ಹೊಸದು ಕೂಡುತ್ತೆ. ಕವಲಿನ ತುದಿಯಲ್ಲಿ ಸಣ್ಣ ಮೊಳಕೆ ಇರುತ್ತೆ, ಅದು ಮುರಿದರೆ ಆ ಕವಲಿನಿಂದ ಗಿಡ ಬರೋದಿಲ್ಲ. "ತವರಿಂದ ಬಟ್ಟೇಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡು ಬಂದೆ, ಬಸ್ಸಲ್ಲಿ" ಅಂದರು.

"ನನಗೊಂದು ಕೊಡ್ತೀರಾ ಅಜ್ಜಿ? ಬಾಲ್ಕನಿಯಲ್ಲಿ ಕುಂಡ ಇದೆ."

"ನಿಮ್ಮ ಮನೆಯಲ್ಲಿ ಯಾರ್ಯಾರಿದ್ದೀರಿ?"

"ನಾನು, ಅಮ್ಮ. ಶನಿವಾರ ಭಾನುವಾರ ಅಕ್ಕನ ಮಗ ಬರ್ತಾನೆ. ಐದು ವರ್ಷ."

ಅಜ್ಜಿ ಸರಿಸಿದ ಮಣ್ಣನ್ನೆಲ್ಲ ಮತ್ತೆ ಮುಚ್ಚಿ, ಮೇಲೆ ಒಂದಿಷ್ಟು ತರಗೆಲೆ ಎಳೆದು ಎದ್ದು ನಿಂತರು.

"ಅವ ದೊಡ್ಡವನಾಗಲಿ. ನಡಿ, ಕಾಫಿ ಆರ್ತದೆ."